ಕದಲದ ಕ್ಯಾಮೆರಾ, ಕಾವಲು ಕೂತ ಪ್ರೇಕ್ಷಕ: ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಚಿತ್ರದ ಅಭಿಪ್ರಾಯಭೇದ ಕುರಿತು

ಓರೆನ್ ಪೆಲಿ ಎಂಬ ಸಾಫ್ಟ್‌ವೇರ್ ಪ್ರೋಗ್ರಾಮರ್ 2006ರಲ್ಲಿ ಸ್ಯಾನ್ ಡಿಯಾಗೋದ ತನ್ನ ಸ್ವಂತ ಮನೆಯಲ್ಲಿ, ಸುಮಾರು ಒಂದು ವಾರದ ಅವಧಿಯಲ್ಲಿ, 15,000 ಡಾಲರಿನಷ್ಟು ಖರ್ಚಿನಲ್ಲಿ ಚಿತ್ರೀಕರಿಸಿದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಜಗತ್ತಿನಾದ್ಯಂತ 19 ಕೋಟಿ ಡಾಲರ್ ದಾಟಿ ಗಳಿಸಿತು. ಈ ಲೆಕ್ಕ ಎಷ್ಟು ಪ್ರಸಿದ್ಧವಾಯಿತೆಂದರೆ ಚಿತ್ರದ ಬಗೆಗಿನ ಚರ್ಚೆಯನ್ನೆಲ್ಲ ಅದೇ ನುಂಗಿಹಾಕಿತು. ಆದರೆ ಚಿತ್ರ ನೋಡಿದವರ ಅಭಿಪ್ರಾಯಗಳನ್ನು ಒಟ್ಟಿಗಿಟ್ಟು ಓದಿದರೆ ಹಣಕ್ಕಿಂತ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಒಂದು ಪಾಲಿನವರು ಇದರಲ್ಲಿ ಏನೂ ನಡೆಯುವುದೇ ಇಲ್ಲ ಎನ್ನುತ್ತಾರೆ. ಇನ್ನೊಂದು ಪಾಲಿನವರು ಇಷ್ಟು ಹೆದರಿಸಿದ ಚಿತ್ರ ಮತ್ತೊಂದಿಲ್ಲ ಎನ್ನುತ್ತಾರೆ. ಎರಡೂ ಮಾತು ಹುಟ್ಟುವುದು ಒಂದೇ ದೃಶ್ಯದಿಂದ, ರಾತ್ರಿಯ ಮಲಗುವ ಕೋಣೆಯ ದೃಶ್ಯದಿಂದ. ಹೆದರುವ ಕೆಲಸದ ಬಹುಪಾಲನ್ನು ಚಿತ್ರ ಪ್ರೇಕ್ಷಕನ ಹೆಗಲಿಗೇ ಹೊರಿಸುತ್ತದೆ. ಆ ಕೆಲಸ ಒಪ್ಪಿಕೊಂಡವರು ಹೆದರಿದರು, ಒಪ್ಪದವರಿಗೆ ಬೇಸರವಾಯಿತು. ಈ ಲೇಖನದ ವಾದ ಇಷ್ಟೇ.

ಆ ದೃಶ್ಯದ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯಾಮೆರಾ ಟ್ರೈಪಾಡ್ ಮೇಲಿದೆ. ಚೌಕಟ್ಟಿನಲ್ಲಿ ಕಥೆಯ ಜೋಡಿ ಕೇಟಿ ಮತ್ತು ಮೈಕಾ ಮಲಗಿರುವ ಹಾಸಿಗೆ. ಎಡಕ್ಕೆ ತೆರೆದಿಟ್ಟ ಬಾಗಿಲು, ಅದರಾಚೆ ಕತ್ತಲ ಓಣಿ. ಕೆಳಗಡೆ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡು ಓಡುತ್ತಿರುತ್ತವೆ. ಸಾಮಾನ್ಯ ಭಯಾನಕ ಚಿತ್ರದಲ್ಲಿ ಎಲ್ಲಿ ನೋಡಬೇಕೆಂದು ಕ್ಯಾಮೆರಾವೇ ಹೇಳಿಕೊಡುತ್ತದೆ: ಹತ್ತಿರದ ಶಾಟು, ಸಂಕಲನ, ಪಾತ್ರದ ಕಣ್ಣಿನ ದಿಕ್ಕು. ಇಲ್ಲಿ ಪಾತ್ರಗಳು ನಿದ್ದೆಯಲ್ಲಿವೆ, ಕ್ಯಾಮೆರಾ ಕದಲುವುದಿಲ್ಲ, ಕಟ್ ಇಲ್ಲ. ನೋಡುವವನ ಕಣ್ಣು ತಾನಾಗಿಯೇ ಬಾಗಿಲಿಗೆ, ಗೋಡೆಗೆ, ಹೊದಿಕೆಯ ತುದಿಗೆ, ಮತ್ತೆ ಬಾಗಿಲಿಗೆ ತಿರುಗುತ್ತದೆ. ಆರಂಭದ ರಾತ್ರಿಗಳಲ್ಲಿ ಬಾಗಿಲು ಗೇಣಿನಷ್ಟು ಸರಿದು ಮರಳಿ ಬರುತ್ತದೆ; ಅಷ್ಟಕ್ಕೇ ಚಿತ್ರಮಂದಿರ ಬೆಚ್ಚಿಬೀಳುತ್ತದೆ. ಮುಂದೊಂದು ರಾತ್ರಿ ಕೇಟಿ ಎದ್ದು ಹಾಸಿಗೆಯ ಪಕ್ಕ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತಾಳೆ. ದೆವ್ವವೆಂಬುದು ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ನೆಲಕ್ಕೆ ಉದುರಿಸಿದ ಪುಡಿಯ ಮೇಲೆ ಹೆಜ್ಜೆಗುರುತು ಮೂಡುತ್ತದೆ, ಅಷ್ಟೇ.

ಚಿತ್ರವನ್ನು ಮೆಚ್ಚಿದವರು ಇದನ್ನು ಶುದ್ಧ ಸಂಯಮವೆಂದು ಹೊಗಳಿದ್ದಾರೆ. ಆ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ರಾತ್ರಿಯ ಗಂಟೆಗಳನ್ನು ಚಿತ್ರ ಇದ್ದಂತೆ ತೋರಿಸುವುದಿಲ್ಲ, ವೇಗವಾಗಿ ಓಡಿಸುತ್ತದೆ. ಮೂಲೆಯ ಅಂಕಿಗಳು ಸರಸರನೆ ಉರುಳಿ, ಒಂದು ಕಡೆ ಸಹಜ ವೇಗಕ್ಕೆ ಇಳಿದಾಗ, ಈಗ ಏನೋ ಆಗುತ್ತದೆಂದು ಪ್ರೇಕ್ಷಕನಿಗೆ ಖಚಿತವಾಗುತ್ತದೆ. ಸಂಗೀತವಿಲ್ಲ ನಿಜ, ಆದರೆ ದುರಾತ್ಮ ಸಮೀಪಿಸುವಾಗ ತಗ್ಗಿದ ದನಿಯ ಗುಂಯ್ ಎನ್ನುವ ಸದ್ದು ಮೊದಲೇ ಕೇಳಿಸುತ್ತದೆ. ಹಿನ್ನೆಲೆ ಸಂಗೀತ ಮಾಡುವ ಕೆಲಸವನ್ನು ಗಡಿಯಾರ ಮತ್ತು ಆ ಸದ್ದು ಸೇರಿ ಮಾಡುತ್ತವೆ. ಎರಡು ಮೂರು ರಾತ್ರಿಗಳಲ್ಲಿ ಪ್ರೇಕ್ಷಕ ಈ ಕ್ರಮವನ್ನು ಕಲಿತುಬಿಡುತ್ತಾನೆ, ಕಲಿತ ಮೇಲೆ ತನ್ನನ್ನು ತಾನೇ ಹೆದರಿಸಿಕೊಳ್ಳತೊಡಗುತ್ತಾನೆ. ಇದು ಅನನುಭವಿಯೊಬ್ಬನ ಅದೃಷ್ಟವಲ್ಲ, ಎಚ್ಚರದಿಂದ ಕಟ್ಟಿದ ತಂತ್ರ. ಹೀಗಾಗಿಯೇ ‘ಯಾರು ಬೇಕಾದರೂ ಮನೆಯಲ್ಲಿ ತೆಗೆಯಬಹುದಿತ್ತು’ ಎಂಬ ಟೀಕೆ ನಿಲ್ಲುವುದಿಲ್ಲ. ಪೆಲಿ ಚಿತ್ರೀಕರಣಕ್ಕೆ ಮೊದಲು ತಿಂಗಳುಗಟ್ಟಲೆ ತನ್ನ ಮನೆಯನ್ನು ಚಿತ್ರಕ್ಕೆ ತಕ್ಕಂತೆ ಸಜ್ಜುಗೊಳಿಸಿದ್ದ. ಬಿಡಿಬಿಡಿ ಸನ್ನಿವೇಶಗಳನ್ನಷ್ಟೇ ಕೊಟ್ಟು ಮಾತನ್ನು ನಟರಿಗೆ ಬಿಟ್ಟಿದ್ದ. ಕೇಟಿ ಫೆದರ್‌ಸ್ಟನ್ ಮತ್ತು ಮೈಕಾ ಸ್ಲೋಟ್ ತಮ್ಮ ಸ್ವಂತ ಹೆಸರುಗಳಲ್ಲೇ ನಟಿಸಿದರು.

ಅಭಿಪ್ರಾಯಭೇದದ ಇನ್ನೊಂದು ಮೂಲ ಚಿತ್ರ ಬಿಡುಗಡೆಯಾದ ಬಗೆಯಲ್ಲಿದೆ. 2007ರ ಅಕ್ಟೋಬರಿನಲ್ಲಿ ಸ್ಕ್ರೀಮ್‌ಫೆಸ್ಟ್ ಉತ್ಸವದಲ್ಲಿ, 2008ರ ಆರಂಭದಲ್ಲಿ ಸ್ಲ್ಯಾಮ್‌ಡ್ಯಾನ್ಸ್‌ನಲ್ಲಿ ಪ್ರದರ್ಶನಗೊಂಡ ಚಿತ್ರವನ್ನು ಡ್ರೀಮ್‌ವರ್ಕ್ಸ್ ಮೊದಲು ಹೆಚ್ಚಿನ ಬಂಡವಾಳದಲ್ಲಿ ಮತ್ತೆ ತೆಗೆಯಲು ಯೋಚಿಸಿತ್ತು. ಪ್ರಾಯೋಗಿಕ ಪ್ರದರ್ಶನದಲ್ಲಿ ಕೆಲವರು ಎದ್ದು ಹೊರನಡೆದಾಗ ಚಿತ್ರ ಸೋತಿತೆಂದು ಸ್ಟುಡಿಯೋದವರು ಭಾವಿಸಿದರೆಂದೂ, ಅವರು ಹೆದರಿ ಹೊರಟಿದ್ದರೆಂದು ಆಮೇಲೆ ತಿಳಿಯಿತೆಂದೂ ವರದಿಯಾಗಿದೆ. ಪ್ರಚಾರಕ್ಕೆಂದು ಹಬ್ಬಿಸಿದ ಕಥೆಯೆಂಬ ಸಂಶಯಕ್ಕೆ ಆಸ್ಪದವಿದ್ದರೂ ನಮ್ಮ ವಾದಕ್ಕೆ ಅದು ಮುಖ್ಯ: ಬೇಸರವೂ ಭಯವೂ ಹೊರಗಿನಿಂದ ಒಂದೇ ತೆರನಾಗಿ ಕಾಣಬಲ್ಲವು. 2009ರ ಸೆಪ್ಟೆಂಬರಿನಲ್ಲಿ ಪ್ಯಾರಾಮೌಂಟ್ ಚಿತ್ರವನ್ನು ಕೆಲವು ಕಾಲೇಜು ಪಟ್ಟಣಗಳಲ್ಲಿ ಮಧ್ಯರಾತ್ರಿಯ ಪ್ರದರ್ಶನಗಳಾಗಿ ಬಿಟ್ಟಿತು. ಅಂತರ್ಜಾಲದಲ್ಲಿ ಹತ್ತು ಲಕ್ಷ ಬೇಡಿಕೆ ಬಂದರೆ ದೇಶದಾದ್ಯಂತ ತೆರೆಗೆ ತರುವುದಾಗಿ ಹೇಳಿತು. ಅಕ್ಟೋಬರಿನಲ್ಲಿ ಹಾಗೆಯೇ ಆಯಿತು. ಟ್ರೇಲರಿನಲ್ಲಿ ಚಿತ್ರದ ತುಣುಕುಗಳಿಗಿಂತ ಎದ್ದು ಕಂಡದ್ದು ಕತ್ತಲಲ್ಲಿ ಕೂತು ಕಿರುಚುವ ಪ್ರೇಕ್ಷಕರ ಮುಖಗಳು. ಚಿತ್ರ ಮಾರಾಟವಾದದ್ದು ಕೂಡಿ ಹೆದರುವ ಅನುಭವವಾಗಿ. ಅದನ್ನೇ ಆಮೇಲೆ ಹಗಲಿನಲ್ಲಿ, ಮನೆಯ ಪುಟ್ಟ ಪರದೆಯ ಮೇಲೆ, ನಡುನಡುವೆ ಫೋನ್ ನೋಡುತ್ತ ನೋಡಿದವನಿಗೆ ಬಾಗಿಲು ಗೇಣು ಸರಿದದ್ದು ತಿಳಿಯುವುದೇ ಇಲ್ಲ. ಏನೂ ನಡೆಯಲಿಲ್ಲವೆಂಬ ಅವನ ಮಾತು ಪ್ರಾಮಾಣಿಕವಾದದ್ದೇ. ನೋಡುವ ಸನ್ನಿವೇಶವನ್ನು ಬಿಟ್ಟು ಇಬ್ಬರ ತೀರ್ಪನ್ನು ತೂಗಲಾಗದು. ನಾಲ್ಕರಲ್ಲಿ ಮೂರೂವರೆ ತಾರೆ ಕೊಟ್ಟ ರೋಜರ್ ಎಬರ್ಟ್ ಸೇರಿದಂತೆ ಬಹುಪಾಲು ವಿಮರ್ಶಕರು ಮೆಚ್ಚಿದ ಚಿತ್ರ ಸಾಮಾನ್ಯ ಪ್ರೇಕ್ಷಕರನ್ನು ಇಬ್ಭಾಗ ಮಾಡಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಇದನ್ನು ದೆವ್ವದ ಮನೆಯ ಚಿತ್ರಗಳ ಸಾಲಿನಲ್ಲಿ ಸೇರಿಸುವುದು ವಾಡಿಕೆ. ಕಾಣದ್ದರಿಂದಲೇ ಹೆದರಿಸುವ ವಿಧಾನದಲ್ಲಿ ರಾಬರ್ಟ್ ವೈಸ್‌ನ ‘ದಿ ಹಾಂಟಿಂಗ್’ (1963) ಇದರ ಹಿರಿಯ. ಸಿಕ್ಕ ವೀಡಿಯೊ ಎಂಬ ಸೋಗಿನಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಹತ್ತಿರದ ನೆಂಟ. ಆದರೆ ಇಲ್ಲಿ ಪೀಡೆ ಮನೆಯದ್ದಲ್ಲ. ಎಂಟನೆಯ ವಯಸ್ಸಿನಿಂದ ಅದು ಕೇಟಿಯ ಬೆನ್ನು ಹತ್ತಿದೆ. ಮನೆ ಬಿಟ್ಟು ಹೋದರೂ ಪ್ರಯೋಜನವಿಲ್ಲವೆಂದು ಮನೆಗೆ ಬಂದ ಅತೀಂದ್ರಿಯಜ್ಞ ಸ್ಪಷ್ಟವಾಗಿ ಹೇಳುತ್ತಾನೆ. ‘ಯಾಕೆ ಮನೆ ಬಿಟ್ಟು ಓಡುವುದಿಲ್ಲ?’ ಎಂಬ ಹಳೆಯ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ ಉಳಿಯುವುದು ಗಂಡು ಹೆಣ್ಣಿನ ನಡುವಿನ ಜಗಳ. ಮೈಕಾ ಷೇರು ವಹಿವಾಟಿನವನು, ಹೊಸ ಕ್ಯಾಮೆರಾ ಕೊಂಡವನು. ಕೇಟಿ ಬೇಡವೆಂದರೂ ಚಿತ್ರೀಕರಿಸುತ್ತಾನೆ, ಪೀಡೆಯನ್ನು ಕೆಣಕುತ್ತಾನೆ, ಆತ್ಮಗಳನ್ನು ಮಾತಾಡಿಸುವ ಓಯಿಜಾ ಹಲಗೆ ಕೊಳ್ಳುವುದಿಲ್ಲವೆಂದು ಮಾತು ಕೊಟ್ಟು, ಎರವಲು ತರುತ್ತಾನೆ. ಈತ ಸಹಿಸಲಾಗದ ಪಾತ್ರವೆಂಬ ದೂರು ಅನೇಕರದ್ದು, ಅದನ್ನು ಚಿತ್ರದ ದೋಷವೆಂದೇ ಎಣಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಹೆದರಿದ ಹೆಣ್ಣೊಬ್ಬಳ ಮಾತನ್ನು ಕೇಳದೆ, ಅವಳ ಭಯವನ್ನು ದಾಖಲೆ ಮಾಡಿಕೊಳ್ಳುವ ಗಂಡಸಿನ ಹಟವೇ ಕಥೆಯನ್ನು ದುರಂತಕ್ಕೆ ಎಳೆಯುತ್ತದೆ. ಪ್ರೇಕ್ಷಕನಿಗೆ ಆಗುವ ಕಿರಿಕಿರಿ ಚಿತ್ರ ಬಯಸಿ ಹುಟ್ಟಿಸಿದ್ದು. ಆ ಕ್ಯಾಮೆರಾದ ಮೂಲಕವೇ ನಾವೂ ಅವಳನ್ನು ನೋಡುತ್ತಿದ್ದೇವೆ ಎಂಬುದರಿಂದ ಅದು ಇನ್ನಷ್ಟು ಚುಚ್ಚುತ್ತದೆ.

ಚಲನಚಿತ್ರ ವಿದ್ವಾಂಸೆ ಜೂಲಿಯಾ ಲೇಡಾ ಈ ಚಿತ್ರಸರಣಿಯ ದುರಾತ್ಮವನ್ನು ಸಾಲದ ರೂಪಕವಾಗಿ ಓದಿದ್ದಾರೆ: ಹಿಂದೆಂದೋ ಮಾಡಿಕೊಂಡ ಒಪ್ಪಂದದ ವಸೂಲಿಗೆ ಅದು ಬರುತ್ತದೆ. ಮುಂದಿನ ಭಾಗಗಳಿಗೆ, ಅದರಲ್ಲೂ 1988ಕ್ಕೆ ಹಿಂದಿರುಗುವ ಮೂರನೆಯ ಚಿತ್ರಕ್ಕೆ ಈ ಓದು ಚೆನ್ನಾಗಿ ಹೊಂದುತ್ತದೆ. ಆದರೆ ಮೊದಲ ಚಿತ್ರ ತಯಾರಾದದ್ದು ಅಮೆರಿಕದ ಗೃಹಸಾಲದ ಕುಸಿತಕ್ಕೆ ಮೊದಲು. ಅದರಲ್ಲಿ ಒಪ್ಪಂದದ ಮಾತೇ ಇಲ್ಲ. ಆದರೂ 2009ರಲ್ಲಿ ಅದನ್ನು ನೋಡಿದ ಜನ ಮನೆ ಕಳೆದುಕೊಳ್ಳುವ ಭಯದ ನಡುವೆ ಬದುಕುತ್ತಿದ್ದರು. ಹಾಗಾಗಿ ಸಾಲದ ಅರ್ಥವನ್ನು ಆ ಕಾಲದ ಪ್ರೇಕ್ಷಕರು ಚಿತ್ರಕ್ಕೆ ತಂದರೆನ್ನಬಹುದು, ಪೆಲಿ ಅದನ್ನು ಇಟ್ಟಿದ್ದನೆನ್ನಲಾಗದು.

ಕನ್ನಡದಲ್ಲಿ ಇದೇ ಪ್ರಕಾರಕ್ಕೆ ಸೇರಿದ ಕೆ.ಎಸ್. ಅಶೋಕ ಅವರ ‘6-5=2’ (2013) ಮನೆಯನ್ನು ಬಿಟ್ಟು ಕಾಡಿಗೆ, ಚಾರಣಕ್ಕೆ ಹೋಯಿತು; ಸಿಕ್ಕ ವೀಡಿಯೊ ಎಂದೇ ಪ್ರಚಾರವಾಗಿ ಗೆದ್ದಿತು. ಕಡಿಮೆ ಹಣದ ಈ ರೂಪ ಭಾಷೆ ದಾಟಿದ್ದಕ್ಕೆ ಅದು ಸಾಕ್ಷಿ. ಆದರೆ ಅಲ್ಲಿ ಕ್ಯಾಮೆರಾ ಕೈಯಲ್ಲಿ ಓಡುತ್ತದೆ, ಪೆಲಿಯ ನಿಶ್ಚಲತೆ ಅದಕ್ಕೆ ಬೇಕಾಗಲಿಲ್ಲ.

ಅಂತ್ಯದ ವಿಷಯದಲ್ಲಿ ಮಾತ್ರ ನಾನು ಟೀಕಾಕಾರರ ಪಕ್ಷ. ಚಿತ್ರಕ್ಕೆ ಮೂರು ಅಂತ್ಯಗಳಿವೆ. ಉತ್ಸವದ ಪ್ರತಿಯಲ್ಲಿ ಕೆಳಗಿನಿಂದ ಚಾಕು ಹಿಡಿದು ಬಂದ ಕೇಟಿ ಹಾಸಿಗೆಯ ಬಳಿ ಕೂತು ಗಂಟೆಗಳ ಕಾಲ ತೂಗಾಡುತ್ತಾಳೆ. ಕೊನೆಗೆ ಪೊಲೀಸರ ಗುಂಡಿಗೆ ಬೀಳುತ್ತಾಳೆ. ಇನ್ನೊಂದರಲ್ಲಿ ಕ್ಯಾಮೆರಾದ ಮುಂದೆ ತನ್ನ ಕತ್ತನ್ನೇ ಕೊಯ್ದುಕೊಳ್ಳುತ್ತಾಳೆ. ಸ್ಟೀವನ್ ಸ್ಪಿಲ್‌ಬರ್ಗ್ ಸಲಹೆಯಿಂದ ಬಂದದ್ದೆನ್ನಲಾದ, ಚಿತ್ರಮಂದಿರಗಳಲ್ಲಿ ಜನ ಕಂಡ ಅಂತ್ಯದಲ್ಲಿ ಮೈಕಾನ ದೇಹ ಕ್ಯಾಮೆರಾಕ್ಕೆ ಬಂದು ಅಪ್ಪಳಿಸುತ್ತದೆ, ಕೇಟಿ ವಿಕಾರ ಮುಖದಿಂದ ನಮ್ಮತ್ತ ಹಾರುತ್ತಾಳೆ. ಈ ಕೊನೆಯದು ಮಂದಿರವನ್ನು ಕಿರುಚಿಸಿತು, ಸರಣಿಗೂ ದಾರಿ ಮಾಡಿತು. ಆದರೆ ಒಂದೂವರೆ ಗಂಟೆ ಎಲ್ಲಿ ನೋಡಬೇಕೆಂದು ಹೇಳದ ಚಿತ್ರ ಆ ಒಂದು ಕ್ಷಣದಲ್ಲಿ ಪ್ರೇಕ್ಷಕನ ಕತ್ತು ಹಿಡಿದು ತಿರುಗಿಸಿತು. ತೂಗಾಡುತ್ತ ಕೂತ ಕೇಟಿಯ ಅಂತ್ಯವಾಗಿದ್ದರೆ ಗಳಿಕೆ ಬಹುಶಃ ಕಡಿಮೆಯಾಗುತ್ತಿತ್ತು. ಆದರೆ ಅದು ರಾತ್ರಿಗಳ ವ್ಯಾಕರಣಕ್ಕೆ ನಿಷ್ಠವಾಗಿತ್ತು, ಚಿತ್ರದ ಅಧಿಕೃತ ಪಠ್ಯವೆಂದು ವಿಮರ್ಶೆ ಎಣಿಸಬೇಕಾದದ್ದು ಅದನ್ನೇ.