ಕೋವಿ ಮತ್ತು ಜಮ್ಮಾ: ಕೊಡಗಿನ ಪರವಾನಗಿ ವಿನಾಯಿತಿಯ ಚರಿತ್ರೆ

ಭಾರತದಲ್ಲಿ ಕೋವಿ ಇಟ್ಟುಕೊಳ್ಳಬೇಕಾದರೆ 1959ರ ಆಯುಧ ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಅರ್ಜಿಯ ಕಾರಣ ಪರವಾನಗಿ ಕೊಡುವ ಅಧಿಕಾರಿಗೆ ಒಪ್ಪಿಗೆಯಾಗಬೇಕು. ಕೊಡಗಿನಲ್ಲಿ ಎರಡು ವರ್ಗದವರಿಗೆ ಈ ಪರವಾನಗಿಯಿಂದ ವಿನಾಯಿತಿ ಇದೆ. ಒಂದು, ಕೊಡವ ಜನಾಂಗದವರು; ಇನ್ನೊಂದು, ಜಮ್ಮಾ ಹಿಡುವಳಿದಾರರು. ಚರ್ಚೆ ಎದ್ದಾಗಲೆಲ್ಲ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆದರೆ ಎರಡೂ ಹುಟ್ಟಿದ ಕಾಲ ಬೇರೆ, ಕಾರಣವೂ ಬೇರೆ. ಜಮ್ಮಾದ ಕೋವಿ ಅರಸರ ಕಾಲದ ಸೇವೆಯಿಂದ ಬಂದದ್ದು. ಜನಾಂಗದ ಹೆಸರಿನ ವಿನಾಯಿತಿ ಬ್ರಿಟಿಷರ ಬಹುಮಾನ. ಈ ಭೇದವನ್ನು ಮರೆತು ವಿನಾಯಿತಿಯನ್ನು ಸಮರ್ಥಿಸುವುದೂ ಕಷ್ಟ, ಟೀಕಿಸುವುದೂ ಕಷ್ಟ.

ಮೊದಲು ಜಮ್ಮಾ. ಹಾಲೇರಿ ಅರಸರ ಕಾಲದಲ್ಲಿ ಕೊಡಗಿಗೆ ಸಂಬಳದ ದೊಡ್ಡ ಸೈನ್ಯವಿರಲಿಲ್ಲ. ಗದ್ದೆ ಉಳುವ ಒಕ್ಕಲೇ ಕರೆ ಬಂದಾಗ ಕೋವಿ, ಒಡಿಕತ್ತಿ ಹಿಡಿದು ಹೊರಡಬೇಕಿತ್ತು. ಅರಮನೆಯ ಕಾವಲು, ಗಡಿಯ ಉಕ್ಕಡಗಳ ಕಾವಲು ಸರದಿಯ ಮೇಲೆ ಅವರ ಪಾಲಿಗೇ ಬರುತ್ತಿತ್ತು. ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ, ಕಡಿಮೆ ಕಂದಾಯ. ಈ ಹಿಡುವಳಿಯೇ ಜಮ್ಮಾ. ನೂರು ಭಟ್ಟಿ ಅಳತೆಯ ಗದ್ದೆಗೆ ಸಾಮಾನ್ಯ ಸಾಗು ಹಿಡುವಳಿಯವರು 10 ರೂಪಾಯಿ ಕೊಟ್ಟರೆ ಜಮ್ಮಾದವರು ಕೊಡುತ್ತಿದ್ದುದು 5 ರೂಪಾಯಿ. ಈ ಭೂಮಿಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಒಕ್ಕ (ಮನೆತನ) ಇರುವವರೆಗೆ ಭೂಮಿ, ಭೂಮಿ ಇರುವವರೆಗೆ ಸೇವೆ. ಹಿಡುವಳಿದಾರರಲ್ಲಿ ಕೊಡವರೇ ಹೆಚ್ಚು. ಆದರೂ ಅರೆಭಾಷೆ ಗೌಡರೂ ಇತರ ಕೆಲವು ಸಮುದಾಯದವರೂ ಜಮ್ಮಾ ಪಡೆದಿದ್ದರು. ಟಿಪ್ಪುವಿನ ದಂಡಯಾತ್ರೆಗಳಿಂದ ಬರಿದಾದ ಊರುಗಳಲ್ಲಿ ಅರಸ ದೊಡ್ಡವೀರರಾಜೇಂದ್ರ ಹೊಸ ಒಕ್ಕಲುಗಳನ್ನು ನೆಲೆಗೊಳಿಸಿದ ಕಾಲದ ನೆನಪನ್ನು ಇಂದಿಗೂ ಹಲವು ಮನೆತನಗಳು ಉಳಿಸಿಕೊಂಡಿವೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಆಗ ಕೋವಿಯನ್ನು ಯಾರೂ ವಿನಾಯಿತಿ ಎಂದು ತಿಳಿದಿರಲಿಲ್ಲ. ಅದು ಕಂದಾಯದಷ್ಟೇ ಸಹಜವಾದ ಒಂದು ಹೊಣೆ.

1834ರ ಏಪ್ರಿಲ್‌ನಲ್ಲಿ ಮಡಿಕೇರಿ ಕೋಟೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕರ್ನಲ್ ಫ್ರೇಸರ್ ಮೇ ತಿಂಗಳಲ್ಲಿ ಕೊಡಗನ್ನು ಬ್ರಿಟಿಷ್ ಆಡಳಿತಕ್ಕೆ ಸೇರಿಸಿದ. ಮೂರೇ ವರ್ಷದಲ್ಲಿ, 1837ರಲ್ಲಿ, ಅಮರ ಸುಳ್ಯದ ದಂಗೆ ಎದ್ದಿತು. ಸುಳ್ಯ, ಪುತ್ತೂರುಗಳಿಂದ ಮಂಗಳೂರಿನವರೆಗೆ ಹಬ್ಬಿದ ಈ ಬಂಡಾಯದಲ್ಲಿ ಮುಂದೆ ನಿಂತವರಲ್ಲಿ ಗೌಡ ರೈತರು ಬಹಳ. ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಬಂಡಾಯ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಚಿನ್ನ, ಬೆಳ್ಳಿಯ ಪದಕ ಹಂಚಿತು. ಆ ಪದಕದ ಮೇಲೆ ಒಂದು ಕೈಯಲ್ಲಿ ಕೋವಿ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಎತ್ತಿದ ಕೊಡವ ಯೋಧನ ಚಿತ್ರವಿದೆ. ಕೊಡವ, ಕೋವಿ, ಸರ್ಕಾರಕ್ಕೆ ನಿಷ್ಠೆ ಎಂಬ ಮೂರನ್ನೂ ಒಟ್ಟಿಗೆ ಕಟ್ಟಿದ್ದು ಲೋಹದ ಈ ತುಂಡು. ಮುಂದಿನ ಕಾನೂನಿನ ಬೀಜ ಇದರಲ್ಲೇ ಇದೆ ಎಂದು ನನಗನಿಸುತ್ತದೆ.

1857ರ ಹೋರಾಟದ ಬಳಿಕ ಬ್ರಿಟಿಷರು ಇಡೀ ದೇಶದ ಕೈಯಿಂದ ಆಯುಧ ಕಸಿಯಲು ಹೊರಟರು. 1860ರ 31ನೇ ಕಾಯ್ದೆ ಬಂದದ್ದು ಹಾಗೆ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಒಂದು ಪ್ರಕಟಣೆ ಹೊರಡಿಸಿದ. ಕೊಡಗಿನವರ ನಿಷ್ಠೆ, ಶೌರ್ಯ ಮತ್ತು ಸರ್ಕಾರಕ್ಕೆ ಸಲ್ಲಿಸಿದ ಸೇವೆಯನ್ನು ನೆನೆದು, ನಿರಾಯುಧೀಕರಣದ ಕಾಯ್ದೆ ಆ ವೀರ ಜನರಿಗೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಎರಡೇ ತಿಂಗಳಲ್ಲಿ, ತಾಯ್ನಾಡಿಗೆ ಮರಳುವ ದಾರಿಯಲ್ಲಿ, ಕಬ್ಬನ್ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಪ್ರಕಟಣೆ ಮಾತ್ರ ಬಾಳಿತು. ಅದರಲ್ಲಿ ಭೂಮಿಯ ಮಾತಿಲ್ಲ, ಇರುವುದು ಜನರ ಗುಣದ ಹೊಗಳಿಕೆ. ಹಾಲೇರಿ ಅರಸರ ಕಾಲದಲ್ಲಿ ಹಿಡುವಳಿಗೆ ಅಂಟಿಕೊಂಡಿದ್ದ ಕೋವಿ ಇಲ್ಲಿಂದ ಹುಟ್ಟಿಗೆ ಅಂಟಿಕೊಂಡಿತು.

ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆಯಂತೂ ಬಣ್ಣ ನೋಡಿ ಮಣೆ ಹಾಕಿದ ಕಾನೂನು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ. ಈ ಅವಮಾನ ರಾಷ್ಟ್ರೀಯ ಚಳವಳಿಯನ್ನು ದಶಕಗಳ ಕಾಲ ಕಾಡಿತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಆ ಹಕ್ಕನ್ನು ಸೇರಿಸಲು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹೀಗಾಗಿ ಸ್ವತಂತ್ರ ಭಾರತದಲ್ಲಿ ಕೋವಿ ಹೊಂದುವುದು ಯಾರಿಗೂ ಮೂಲಭೂತ ಹಕ್ಕಾಗಲಿಲ್ಲ. 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ ಹೊಸ ಆಯುಧ ಕಾಯ್ದೆ 41ನೇ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕೆ ಒಂದು ಅಧಿಕಾರ ಕೊಟ್ಟಿತು: ಸಾರ್ವಜನಿಕ ಹಿತ ಕಂಡರೆ ಯಾವುದೇ ವರ್ಗಕ್ಕೆ ವಿನಾಯಿತಿ ಕೊಡಬಹುದು, ಬೇಡವೆನಿಸಿದರೆ ಹಿಂಪಡೆಯಬಹುದು. ಕೊಡಗಿನ ವಿನಾಯಿತಿ ಇಂದು ನಿಂತಿರುವುದು ಈ ಒಂದು ಕಲಮಿನ ಮೇಲೆ.

ಕಾನೂನಿನ ಈ ಒಣ ಚರಿತ್ರೆಯ ಪಕ್ಕದಲ್ಲಿ ಮನೆಯೊಳಗಿನ ಚರಿತ್ರೆಯೂ ಇದೆ. ಸೆಪ್ಟೆಂಬರ್ 3ರಂದು, ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬದ ದಿನ, ನಾಟಿಯ ಕೆಲಸ ಮುಗಿಸಿದ ಒಕ್ಕದವರು ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪದೆದುರು ಸಾಲಾಗಿ ಇಡುತ್ತಾರೆ. ಕತ್ತಿ, ಕೃಷಿಯ ಸಲಕರಣೆಗಳೂ ಪಕ್ಕದಲ್ಲಿರುತ್ತವೆ. ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿ ಎಸಳಿನ ತೋಕ್ ಪೂ ಸಿಕ್ಕಿಸುತ್ತಾರೆ. ಪೂಜೆಯಾದ ಮೇಲೆ ಹಿರಿಯರು ಕಿರಿಯರ ಕೈಗೆ ಕೋವಿ ಕೊಡುವುದು ಬುದ್ಧಿಮಾತಿನೊಂದಿಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಮತ್ತೊಂದು. ದಟ್ಟ ಕಾಡಿನ ನಡುವೆ ಒಂಟಿ ಮನೆಗಳ ಊರಿನಲ್ಲಿ ಈ ಸದ್ದು ಸುದ್ದಿಯನ್ನೂ ಮುಟ್ಟಿಸುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತುಹೋಯಿತು, ಆಚರಣೆಯ ಕೋವಿ ಉಳಿಯಿತು.

ವಿನಾಯಿತಿಯ ವಿರುದ್ಧ ಕರ್ನಾಟಕ ಹೈಕೋರ್ಟ್‌ಗೆ ಹೋದವರು ಒಬ್ಬ ನಿವೃತ್ತ ಸೇನಾಧಿಕಾರಿ. ಜನಾಂಗದ ಆಧಾರದಲ್ಲಿ, ಭೂಮಿಯ ಆಧಾರದಲ್ಲಿ ಕೊಟ್ಟ ಸವಲತ್ತು ಸಂವಿಧಾನದ ಸಮಾನತೆಗೆ ಧಕ್ಕೆ ಎಂಬುದು ಅವರ ವಾದ. ಈ ನಡುವೆ 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿ, ಷರತ್ತುಗಳೊಂದಿಗೆ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್ 22ರಂದು ನ್ಯಾಯಮೂರ್ತಿಗಳಾದ ಸತೀಶ್ ಚಂದ್ರ ಶರ್ಮ ಮತ್ತು ಸಚಿನ್ ಶಂಕರ್ ಮಗದುಮ್ ಅವರ ಪೀಠ ಅದನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ಬಂದ ಸವಲತ್ತು, ಹತ್ತು ವರ್ಷಕ್ಕೆ ಸೀಮಿತ, ಷರತ್ತುಬದ್ಧ. ಆದ್ದರಿಂದ ಸಮಂಜಸ ಎಂದಿತು.

ತೀರ್ಪಿನ ಫಲವನ್ನು ನಾನು ಒಪ್ಪುತ್ತೇನೆ. ಆದರೆ ಯೋಧ ಜನಾಂಗ ಎಂಬ ಕಲ್ಪನೆಗೆ ಅಲ್ಲಿ ಸಿಕ್ಕ ಒತ್ತು ನನಗೆ ಸರಿಕಾಣುವುದಿಲ್ಲ. ಅದು ವಸಾಹತು ಸೈನ್ಯದ ನೇಮಕಾತಿ ಭಾಷೆ. ಜಮ್ಮಾದ ದಾಖಲೆ ಅದಕ್ಕಿಂತ ಹಳೆಯದು, ಗಟ್ಟಿಯಾದದ್ದು, ಒಂದೇ ಜನಾಂಗಕ್ಕೆ ಸೀಮಿತವಾಗದ್ದು. 1837ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಗೌಡ ಸಮುದಾಯದ ಜಮ್ಮಾದಾರರೂ ಅದರ ನೆರಳಿಗೆ ಬರುತ್ತಾರೆ. ಇನ್ನೊಂದು ತೊಡಕನ್ನೂ ಹೇಳಬೇಕು. ಆಯುಧ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ, ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಿದೆ. ಪರವಾನಗಿಯಿಂದ ವಿನಾಯಿತಿ ಇದ್ದ ಮಾತ್ರಕ್ಕೆ ಈ ಕಲಮಿನಿಂದ ವಿನಾಯಿತಿ ಸಿಕ್ಕಂತಾಗುವುದಿಲ್ಲ. ಪುತ್ತರಿಯ ಗುಂಡು ಹಾರಿಸುವ ಕೈ ಇದನ್ನು ತಿಳಿದಿರಬೇಕು.

ಹೊರದೇಶಕ್ಕೆ ಹೋದ ಕುಟುಂಬಗಳಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಆಸ್ಟ್ರೇಲಿಯದ ಪರ್ತ್ ನಗರದ ಸದರ್ನ್ ರಿವರ್ ಬಡಾವಣೆಯಲ್ಲಿ ಮನೆ ಮಾಡಿದ ಕೊಡವರಿಗೆ ಮಡಿಕೇರಿಯ ವಿನಾಯಿತಿ ಪತ್ರದಿಂದ ಏನೂ ಪ್ರಯೋಜನವಿಲ್ಲ. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಗುಂಡಿಗೆ ಬಲಿಯಾದ ಮೇಲೆ ಆ ದೇಶ ಒಂದು ಸೂತ್ರಕ್ಕೆ ಬಂದಿತು: ಕೋವಿ ಬೇಕೆಂದರೆ ನಿಜವಾದ ಕಾರಣ ತೋರಿಸಬೇಕು, ಆತ್ಮರಕ್ಷಣೆ ಆ ಕಾರಣಗಳಲ್ಲಿ ಸೇರದು. ಪಶ್ಚಿಮ ಆಸ್ಟ್ರೇಲಿಯ ರಾಜ್ಯ 1973ರ ಕಾಯ್ದೆಯನ್ನು ಬದಿಗಿಟ್ಟು 2024ರಲ್ಲಿ ಹೊಸದನ್ನು ಮಾಡಿತು. 2025ರ ಮಾರ್ಚ್ 31ರಿಂದ ಅದು ಜಾರಿಯಲ್ಲಿದೆ. ಹವ್ಯಾಸಿ ಬೇಟೆಗಾರರಿಗೆ 5, ರೈತರಿಗೆ ಮತ್ತು ಸ್ಪರ್ಧಾಳುಗಳಿಗೆ 10 ಕೋವಿಗಳ ಮಿತಿ. ಆರೋಗ್ಯ ತಪಾಸಣೆ ಕಡ್ಡಾಯ. ಬೇಟೆಗೆಂದು ಅರ್ಜಿ ಹಾಕುವವರು ಜಮೀನಿನ ಒಡೆಯರ ಒಪ್ಪಿಗೆ ಪತ್ರ ತರುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಅಂದರೆ ಅರ್ಹತೆಯನ್ನು ಭೂಮಿಯೊಂದಿಗೆ, ಉಪಯೋಗದೊಂದಿಗೆ ಜೋಡಿಸುವ ಕ್ರಮ ಕೊಡಗಿಗೆ ಮಾತ್ರ ಸೇರಿದ್ದೇನಲ್ಲ. ಕೊಡಗಿನಲ್ಲಿ ಅದು ಸೇವೆಯಾಗಿತ್ತು, ಅಲ್ಲಿ ಕೃಷಿ ಮತ್ತು ಬೇಟೆ.

2029ರ ಅವಧಿ ದೂರವಿಲ್ಲ. ಆಗ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಭಾವನೆಯಿಂದಲ್ಲ, ಕಾಗದದಿಂದ. ಜಮ್ಮಾದ ಸನ್ನದು, ಹಳೆಯ ಕಂದಾಯ ರಸೀದಿ, ಅಜ್ಜನ ಕಾಲದ ವಿನಾಯಿತಿ ಪತ್ರ ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ, ಅದು ಕೊಡವರ ಐನ್‌ಮನೆ (ಮೂಲಮನೆ) ಆಗಲಿ, ಗೌಡರ ಮನೆಯಾಗಲಿ, ಪರ್ತ್‌ನ ಬಡಾವಣೆಯ ಮನೆಯಾಗಲಿ, ದಯವಿಟ್ಟು ಅದರ ಒಂದು ಪ್ರತಿ ಮಾಡಿಸಿ ಪತ್ರಾಗಾರಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಲುಪಿಸಿ.