ಜಾಕೆಟ್ಟಿನ ವಯಸ್ಸು

ಅಲ್ಲಾಳಸಂದ್ರದ ವೃದ್ಧೆಯೊಬ್ಬರು ಕಪ್ಪು ಚರ್ಮದ ಜಾಕೆಟ್ಟೊಂದನ್ನು ನಮ್ಮ ಮುಂದಿಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಯಲಹಂಕದ ವಿಮಾನನೆಲೆಯಲ್ಲಿದ್ದ ಬ್ರಿಟಿಷ್ ಸೈನಿಕನೊಬ್ಬ ಅವರ ಮಾವನವರಿಗೆ ಕೊಟ್ಟದ್ದೆಂಬುದು ಮನೆಯ ನಂಬಿಕೆ. ಮೊಮ್ಮಗಳ ಕಾಲೇಜು ಫೀಸಿಗಾಗಿ ಅದನ್ನು ಮಾರಬೇಕಿತ್ತು.

ಮೋಟಾರ್‌ಸೈಕಲ್ ಜಾಕೆಟ್ಟಿನ ಇತಿಹಾಸ ಬಹಳ ಹಳೆಯದಲ್ಲ. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಜಿಪ್ ಇರುವ 'ಪರ್ಫೆಕ್ಟೊ' ತಯಾರಿಸಿದಾಗ ಅದರ ಬೆಲೆ ಐದೂವರೆ ಡಾಲರ್. 1953ರ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಮರ್ಲಾನ್ ಬ್ರಾಂಡೊ ಅಂಥದನ್ನು ತೊಟ್ಟ ಮೇಲೆ ಅದು ಯುವಕರ ಉಡುಪಾಯಿತು. ಇಂದು ಸಂಗ್ರಾಹಕರು ಹಳೆಯವಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ವಯಸ್ಸಿನ ಪ್ರಶ್ನೆ ಏಳುವುದೇ ಇಲ್ಲಿ.

ಚರ್ಮದ ಸುಕ್ಕನ್ನು ನಂಬುವಂತಿಲ್ಲ. ಬಿಸಿಲು, ಬೆವರು ಹತ್ತೇ ವರ್ಷದಲ್ಲಿ ಅದನ್ನು ಮುದಿಯಾಗಿಸುತ್ತವೆ. ನಾವು ಮೊದಲು ಜಿಪ್ ನೋಡಿದೆವು. ಹಲ್ಲುಗಳು ಲೋಹದವು. ಆದರೆ ಲೋಹದ ಜಿಪ್ ಇಂದಿಗೂ ತಯಾರಾಗುತ್ತದೆ. ಒಳಜೇಬಿನ ಬಳಿ ಬೆಂಗಳೂರಿನ ದರ್ಜಿಯೊಬ್ಬರ ಪಟ್ಟಿಯಿತ್ತು. ವಿಳಾಸದ ಕೊನೆಗೆ 560ರಿಂದ ಶುರುವಾಗುವ ಆರಂಕಿ. ನಮ್ಮ ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು! ಪಟ್ಟಿಯನ್ನು ಆಮೇಲೆ ಹಚ್ಚಿರಬಹುದೇ? ಅದರ ಅಂಚು ಅಸ್ತರಿನ ಮೂಲ ಹೊಲಿಗೆಯೊಳಗೇ ಸೇರಿತ್ತು. ಸೂಜಿಯ ತೂತುಗಳೂ ಒಂದೇ ಸಾಲು.

ಹೇಳದೆ ಇರಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯುದ್ಧದ್ದೆಂದು ಯಾರಿಗೂ ಹೇಳಬೇಡ ಬೇಟಾ. ಸುಳ್ಳಿನ ದುಡ್ಡು ಮಗುವಿನ ಓದಿಗೆ ಬೇಡ" ಎಂದರು.

ಬೆಲೆ ಇಳಿಯಿತು, ನಿಜ. ಆದರೆ ಇಷ್ಟು ಗಟ್ಟಿ ಹೊಲಿಗೆ ಹಾಕಿದ ನಮ್ಮೂರ ದರ್ಜಿಗೆ ಸಲ್ಲಬೇಕಾದ ಮಾನ ಇಷ್ಟು ವರ್ಷ ಯಾರೋ ಬಿಳಿಯ ಸೈನಿಕನ ಪಾಲಾಗಿತ್ತು.