ಸಮ್ಮುಖ ಶಿಕ್ಷಣವೂ ದೂರಶಿಕ್ಷಣವೂ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉಪಾಧ್ಯಾಯರ ತರಬೇತಿಯನ್ನು ಕುರಿತು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಆಡಳಿತದಲ್ಲಿ ತುಮಕೂರಿಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಮಧುಗಿರಿಯನ್ನು ಕೇಂದ್ರವಾಗುಳ್ಳ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಈ ಏರ್ಪಾಡು ಎಷ್ಟು ಉಚಿತವೆಂಬುದು ಭೂಪಟವನ್ನು ನೋಡಿದ ಕೂಡಲೆ ಮನದಟ್ಟಾಗುತ್ತದೆ. ಕೊರಟಗೆರೆಯು ತುಮಕೂರಿಗೆ ಸಮೀಪದಲ್ಲಿದೆ. ಶಿರಾ ಹೆದ್ದಾರಿಯ ಮೇಲಿದೆ. ಪಾವಗಡವಾದರೋ ತುಮಕೂರಿನಿಂದ ಸುಮಾರು ೧೦೦ ಕಿಲೋಮೀಟರು ದೂರದಲ್ಲಿ, ಬಹುಪಾಲು ಆಂಧ್ರಪ್ರದೇಶದ ಸೀಮೆಯಿಂದ ಸುತ್ತುವರಿಯಲ್ಪಟ್ಟು, ನಡುಗಡ್ಡೆಯಂತೆ ಇದೆ. ಅಲ್ಲಿಯ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಹೀಗಿರುವಾಗ ತುಮಕೂರಿನಲ್ಲಿ ನಡೆಯುವ ಒಂದು ದಿನದ ತರಬೇತಿಯು ಕೊರಟಗೆರೆಯ ಉಪಾಧ್ಯಾಯನಿಗೆ ಒಂದು ದಿನದ ಕೆಲಸ. ಪಾವಗಡದ ಗಡಿಗ್ರಾಮದ ಉಪಾಧ್ಯಾಯಿನಿಗೆ ಅದು ಹಿಂದಿನ ದಿನವೇ ಆರಂಭವಾಗುವ ಪ್ರಯಾಣ. ಆಕೆಯ ಶಾಲೆಯಲ್ಲಿ ಇರುವವರು ಇಬ್ಬರೇ ಉಪಾಧ್ಯಾಯರಾದರೆ ಆ ದಿನ ಅರ್ಧ ಶಾಲೆಯೇ ನಿಂತಂತೆ.

ಅಂತರ್ಜಾಲದ ಮೂಲಕ ನಡೆಯುವ ಪಾಠಕ್ರಮಗಳು ಈ ಕಷ್ಟವನ್ನು ನೀಗಿಸಬಲ್ಲವೆ? ನೀಗಿಸುವುದಾದರೆ, ಉಪಾಧ್ಯಾಯರನ್ನು ಒಂದೆಡೆ ಸೇರಿಸಿ ನಡೆಸುವ ತರಬೇತಿಯು ಇನ್ನು ಅನಾವಶ್ಯಕವೆ? ಈ ಪ್ರಶ್ನೆಯನ್ನು ಹೊಸತೆಂದು ಭಾವಿಸುವವರು ಹಲವರು. ಆದರೆ ನಮ್ಮ ನಾಡಿನಲ್ಲಿ ಅದಕ್ಕೆ ಒಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಅವಲೋಕಿಸಿ, ಅದರಿಂದ ಈ ನಾಲ್ಕು ತಾಲ್ಲೂಕುಗಳಿಗೆ ದೊರೆಯಬಹುದಾದ ಪಾಠವನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ದೂರದವರಿಗೆ ವಿದ್ಯೆಯನ್ನು ತಲಪಿಸುವ ಯತ್ನದಲ್ಲಿ ಮಾತು ಮತ್ತು ಬರಹ ಎರಡನ್ನೂ ಕೂಡಿಸಿದ ಮೇಲ್ಪಂಕ್ತಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳಲ್ಲಿಯೇ ಕಾಣುತ್ತದೆ. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುತ್ತಿದ್ದರು. ಅನಂತರ ಅವು ಕಡಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗುತ್ತಿದ್ದುವು. ಉಪನ್ಯಾಸವನ್ನು ಕೇಳಿದವನಿಗೆ ಪುಸ್ತಕವು ನೆನಪಿನ ಸಾಧನವಾಯಿತು. ಕೇಳದವನಿಗೆ ಅದೇ ಉಪನ್ಯಾಸವಾಯಿತು. ೧೯೬೯ರಲ್ಲಿ ಅದೇ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಶಿಕ್ಷಣ ನೀಡುವ ಸಂಸ್ಥೆಯನ್ನು ಸ್ಥಾಪಿಸಿತು. ಅದೇ ೧೯೬೯ರಲ್ಲಿಯೇ ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತುದನ್ನು ಇಲ್ಲಿ ಸ್ಮರಿಸಬಹುದು. ೧೯೭೧ರಲ್ಲಿ ಪಾಠ ಆರಂಭಿಸಿದ ಆ ಸಂಸ್ಥೆಯು ಪಾಠಪತ್ರಗಳನ್ನೂ ರೇಡಿಯೋ, ದೂರದರ್ಶನದ ಪ್ರಸಾರಗಳನ್ನೂ ನಂಬಿದ್ದರೂ ಬೇಸಗೆಯ ಶಿಬಿರಗಳಿಗೆ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವುದನ್ನು ಅಗತ್ಯವೆಂದು ಎಣಿಸಿತು. ನಮ್ಮಲ್ಲಿಯೂ ಅಂಚೆಯ ಪಾಠಗಳ ಜೊತೆಗೆ ಸಂಪರ್ಕ ತರಗತಿಗಳು ಬೆಳೆದುವು. ಮೈಸೂರಿನ ಸಂಸ್ಥೆಯು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಬರಹವನ್ನೇ ಆಧಾರವಾಗಿ ಉಳ್ಳ ಸಂಸ್ಥೆಗಳೂ ಭೇಟಿಯನ್ನು ಕೈಬಿಡಲಿಲ್ಲವೆಂಬುದು ಗಮನಾರ್ಹವಾದ ಸಂಗತಿ.

ಉಪಾಧ್ಯಾಯರ ತರಬೇತಿಗೆ ದೂರಸಾಧನವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದುದು ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನದ ಪ್ರಯೋಗದಲ್ಲಿ. ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳನ್ನು ಒಳಗೊಂಡಿದ್ದ ಈ ಪ್ರಯೋಗಕ್ಕೆ ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದುವು. ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧಿಸುವ ಕ್ರಮವನ್ನು ಕುರಿತು ೧೨ ದಿನಗಳ ತರಬೇತಿಯನ್ನು ಎರಡು ಸಲ ಏರ್ಪಡಿಸಿ, ಒಟ್ಟು ಸುಮಾರು ೪೮,೦೦೦ ಉಪಾಧ್ಯಾಯರನ್ನು ತಲಪಲಾಯಿತು. ಈ ಸಂಖ್ಯೆಗಿಂತಲೂ ಮುಖ್ಯವಾದುದು ಅದರ ರಚನೆ. ಉಪಾಧ್ಯಾಯರು ದೂರದರ್ಶನವನ್ನು ನೋಡಿ ಎದ್ದುಹೋಗುತ್ತಿರಲಿಲ್ಲ. ರೇಡಿಯೋ ಪಾಠವೂ ಮುದ್ರಿತ ಕೈಪಿಡಿಯೂ ಇದ್ದುವು. ಕಂಡ ಪ್ರಯೋಗವನ್ನು ಕೈಯಾರೆ ಮಾಡಿಸಲು ಸ್ಥಳದಲ್ಲಿಯೇ ಒಬ್ಬ ಮಾರ್ಗದರ್ಶಕನಿದ್ದನು. ಆಕಾಶದಿಂದ ಬಂದ ಪಾಠಕ್ಕೆ ನೆಲದ ಮೇಲೆ ಒಬ್ಬ ಮನುಷ್ಯನು ಅವಶ್ಯಕವಾದನು.

ಆದರೆ ಆ ಪ್ರಯೋಗದಲ್ಲಿ ಒಂದು ಕೊರತೆ ಉಳಿದಿತ್ತು. ಕಲಿಯುವವನ ಪ್ರಶ್ನೆ ಕಲಿಸುವವನನ್ನು ಮುಟ್ಟುವ ದಾರಿ ಇರಲಿಲ್ಲ. ೧೯೯೬ರ ಜನವರಿಯಲ್ಲಿ ಕರ್ನಾಟಕದಲ್ಲಿ ನಡೆದ ಪ್ರಯೋಗವು ಈ ಕೊರತೆಯನ್ನು ತುಂಬಲು ಯತ್ನಿಸಿತು. ೨೦ ಕೇಂದ್ರಗಳಲ್ಲಿ ಸೇರಿದ ಸುಮಾರು ೮೫೦ ಪ್ರಾಥಮಿಕ ಶಾಲಾ ಉಪಾಧ್ಯಾಯರು ಉಪಗ್ರಹದ ಮೂಲಕ ಪಾಠವನ್ನು ನೋಡಿ, ದೂರವಾಣಿಯ ಮೂಲಕ ತಜ್ಞರನ್ನು ಪ್ರಶ್ನಿಸಿದರು. ಚಿತ್ರವು ಒಂದು ದಿಕ್ಕಿನಲ್ಲಿ, ಧ್ವನಿಯು ಎರಡೂ ದಿಕ್ಕಿನಲ್ಲಿ ಹರಿಯಿತು. ಆಗಲೂ ಪ್ರತಿಯೊಂದು ಕೇಂದ್ರದಲ್ಲಿ ಚರ್ಚೆಯನ್ನೂ ಅಭ್ಯಾಸವನ್ನೂ ನಡೆಸುವವರು ಇದ್ದರು. ಪಾಠದ ವಿಷಯ ಒಂದೇ ಮೂಲದಿಂದ ಬಂದುದರಿಂದ ಎಲ್ಲ ಕೇಂದ್ರಗಳಿಗೂ ಸಮಾನವಾಗಿ ದೊರೆಯಿತು; ಅಭ್ಯಾಸವು ಆಯಾ ಕೇಂದ್ರದಲ್ಲಿ ನಡೆದುದರಿಂದ ಸ್ಥಳಕ್ಕೆ ಒಗ್ಗಿತು.

ಇದರ ಬೆಲೆಯನ್ನು ತಿಳಿಯಬೇಕಾದರೆ ಆಗ ರೂಢಿಯಲ್ಲಿದ್ದ, ಇಂದಿಗೂ ಪೂರ್ತಿ ಅಳಿಯದಿರುವ, ಮಜಲು ಮಜಲಾದ ತರಬೇತಿಯನ್ನು ನೆನೆಯಬೇಕು. ರಾಜಧಾನಿಯಲ್ಲಿ ಕಲಿತವರು ಜಿಲ್ಲೆಯವರಿಗೂ, ಜಿಲ್ಲೆಯವರು ತಾಲ್ಲೂಕಿನವರಿಗೂ, ತಾಲ್ಲೂಕಿನವರು ಶಾಲೆಯ ಉಪಾಧ್ಯಾಯರಿಗೂ ಕಲಿಸುವುದು ಇದರ ಕ್ರಮ. ಬಯಲುಸೀಮೆಯ ರೈತನಿಗೆ ಇದರ ದೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ತುಂಬಿದ್ದರೂ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲಪುವುದು ತಡವಾಗಿ, ಅದೂ ಅಷ್ಟಿಷ್ಟು ಮಾತ್ರ. ಆದಕಾರಣ ಮುಖಾಮುಖಿಯಾಗಿ ನಡೆದುದೆಲ್ಲವೂ ಉತ್ತಮ ತರಬೇತಿಯೆಂದು ನಾವು ವಾದಿಸುವುದಿಲ್ಲ.

೨೦೧೧ರಿಂದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯು ಈ ಚರಿತ್ರೆಯಲ್ಲಿ ಇನ್ನೊಂದು ಘಟ್ಟ. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಉಪಾಧ್ಯಾಯರು ಮೊದಲು ಕಾರ್ಯಾಗಾರಗಳಲ್ಲಿ ಸೇರಿ ಗಣಕಯಂತ್ರದ ಬಳಕೆಯನ್ನು ಅಭ್ಯಾಸ ಮಾಡಿದರು. ಅನಂತರ ತಮ್ಮ ತಮ್ಮ ಊರುಗಳಿಂದ ಮಿಂಚಂಚೆಯ ಮೂಲಕ ಪ್ರಶ್ನೋತ್ತರವನ್ನು ಮುಂದುವರಿಸಿದರು. ತಾವೇ ಸಿದ್ಧಪಡಿಸಿದ ಪಾಠಸಾಮಗ್ರಿಯನ್ನು ಎಲ್ಲರಿಗೂ ತೆರೆದಿಟ್ಟರು. ಭೇಟಿಯು ಮುಗಿದ ದಿನವೇ ಕಲಿಕೆಯೂ ಮುಗಿಯುವ ಹಳೆಯ ದೋಷಕ್ಕೆ ಇಲ್ಲಿ ಪರಿಹಾರ ದೊರೆಯಿತು. ಮುಖ ಕಂಡು ಮಾತನಾಡಿದವರು ಅನಂತರ ದೂರದಿಂದ ಬರೆಯಲು ಸಂಕೋಚಪಡುವುದಿಲ್ಲ ಎಂಬ ಸಾಮಾನ್ಯಾನುಭವವೇ ಇದರ ತಳಹದಿ.

೨೦೧೯ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ದೇಶದ ಸುಮಾರು ೪೨ ಲಕ್ಷ ಉಪಾಧ್ಯಾಯರನ್ನು ಗುರಿಯಾಗಿಟ್ಟುಕೊಂಡು ‘ನಿಷ್ಠಾ’ ಎಂಬ ತರಬೇತಿಯನ್ನು ಆರಂಭಿಸಿದಾಗ ಅದು ಸಮ್ಮುಖವಾಗಿಯೇ ನಡೆಯತಕ್ಕುದಾಗಿತ್ತು. ಕೋವಿಡ್ ವ್ಯಾಧಿಯ ಕಾರಣದಿಂದ ೨೦೨೦ರ ಅಕ್ಟೋಬರಿನಲ್ಲಿ ಅದನ್ನು ೧೮ ಘಟಕಗಳಾಗಿ ವಿಂಗಡಿಸಿ, ೨೦೧೭ರಲ್ಲಿ ಆರಂಭವಾಗಿದ್ದ ‘ದೀಕ್ಷಾ’ ವೇದಿಕೆಯ ಮೂಲಕ ಅಂತರ್ಜಾಲಕ್ಕೆ ತರಲಾಯಿತು. ಪಾವಗಡದ ಉಪಾಧ್ಯಾಯಿನಿಗೆ ಇದರಿಂದ ದೊರೆತ ಅನುಕೂಲ ಅಲ್ಪವಲ್ಲ. ಆಕೆ ಶಾಲೆಯನ್ನು ಬಿಡಬೇಕಾಗಲಿಲ್ಲ, ಬಸ್ಸಿಗೆ ಕಾಯಬೇಕಾಗಲಿಲ್ಲ. ರಾಜಧಾನಿಯವರಿಗೆ ದೊರೆತ ಪಾಠವೇ ಆಕೆಗೂ ಮಾರ್ಪಾಡಿಲ್ಲದೆ ದೊರೆಯಿತು. ಆದರೆ ಪಾಠವನ್ನು ನೋಡಿ, ಪ್ರಶ್ನೆಗಳಿಗೆ ಉತ್ತರವನ್ನು ಗುರುತಿಸಿ, ಪ್ರಮಾಣಪತ್ರ ಪಡೆದವರೆಲ್ಲರೂ ತರಗತಿಯಲ್ಲಿ ಬೇರೆ ರೀತಿಯಿಂದ ಪಾಠ ಮಾಡಿದರೆಂದು ಹೇಳಲಾಗದು. ಪ್ರಮಾಣಪತ್ರವು ಪಾಠವು ಮುಗಿದುದಕ್ಕೆ ಸಾಕ್ಷಿಯೇ ಹೊರತು ಕೌಶಲವು ಕೈಗೂಡಿದುದಕ್ಕಲ್ಲ.

ಈ ಮಾತನ್ನು ನಾವು ನಮ್ಮ ಅನುಭವದಿಂದಲೇ ಸಮರ್ಥಿಸಬಹುದು. ೨೦೨೦-೨೧ರಲ್ಲಿ ಕೋಟೆಗಳ ರಚನೆಯನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಮೊಬೈಲಿನ ಮೂಲಕ, ಚಿತ್ರಗಳನ್ನು ತೋರಿಸಿ ಬೋಧಿಸಿದೆವು. ಪರೀಕ್ಷೆಯಲ್ಲಿ ಅವರು ಹೆಬ್ಬಾಗಿಲು, ಕೊತ್ತಲ, ಕಂದಕಗಳ ಹೆಸರನ್ನು ತಪ್ಪಿಲ್ಲದೆ ಬರೆದರು. ತರಗತಿಗಳು ಮತ್ತೆ ತೆರೆದ ಮೇಲೆ ಅವರನ್ನು ಮಧುಗಿರಿಯ ಬೆಟ್ಟಕ್ಕೆ ಕರೆದೊಯ್ದಾಗ, ಏರುವ ದಾರಿ ಹೀಗೇಕೆ ತಿರುಗುತ್ತದೆಂದು ಕೇಳಿದರೆ ಯಾರೂ ಹೇಳಲಿಲ್ಲ. ಎರಡು ಬಾಗಿಲು ದಾಟಿ, ಏದುಸಿರು ಬಿಡುತ್ತಾ ನಿಂತಾಗ ಒಬ್ಬ ವಿದ್ಯಾರ್ಥಿನಿ, “ಇಲ್ಲಿ ನಿಂತರೆ ಮೇಲಿನವರಿಗೆ ನಾವೆಲ್ಲ ಕಾಣಿಸುತ್ತೇವೆ ಸಾರ್” ಎಂದಳು. ಚಿತ್ರದಿಂದ ಬಾರದ ಉತ್ತರ ಕಾಲಿನಿಂದ ಬಂದಿತು. ಆದರೆ ಅದೇ ದಿನ ನಾವು ಇನ್ನೊಂದನ್ನೂ ಗಮನಿಸಿದೆವು. ಬೆಟ್ಟದ ಗಾಳಿಯಲ್ಲಿ ನಮ್ಮ ವಿವರಣೆ ಅರ್ಧಕ್ಕರ್ಧ ಕೇಳಿಸಲಿಲ್ಲ; ಹಿಂದೆ ಚಿತ್ರಗಳಲ್ಲಿ ಕಲಿತ ಹೆಸರುಗಳಿದ್ದುದರಿಂದಲೇ ಅವರು ಕಂಡುದನ್ನು ಹೆಸರಿಟ್ಟು ಚರ್ಚಿಸಬಲ್ಲವರಾದರು. ಎರಡು ಬಗೆಯ ಪಾಠಗಳು ಒಂದನ್ನೊಂದು ಪೂರ್ಣಗೊಳಿಸಿದುವು.

ಮೇಲ್ಕಂಡ ಸಂಗತಿಗಳಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ವಿಷಯವನ್ನು ಹಂಚುವುದಕ್ಕೆ ದೂರಸಾಧನವೇ ಮೇಲು. ಅದು ಮಜಲುಗಳಲ್ಲಿ ಸೋರಿಹೋಗುವುದಿಲ್ಲ, ಬೇಕೆಂದಾಗ ಮತ್ತೆ ನೋಡಬಹುದು. ಎರಡನೆಯದಾಗಿ, ಕೈಯಿಂದ ಮಾಡಬೇಕಾದುದಕ್ಕೂ ತಪ್ಪನ್ನು ಒಡನೆಯೇ ತಿದ್ದಿಕೊಳ್ಳಬೇಕಾದುದಕ್ಕೂ ಸಮ್ಮುಖ ಶಿಕ್ಷಣವೇ ಬೇಕು. ಮೂರನೆಯದಾಗಿ, ಎರಡನ್ನೂ ಬಳಸಿದ ಮಾತ್ರಕ್ಕೆ ಸಂಯೋಗವಾಗುವುದಿಲ್ಲ; ಭೇಟಿಯಲ್ಲಿ ದೂರಪಾಠದ ಪುನರುಕ್ತಿಯಾದರೆ ಉಪಾಧ್ಯಾಯರ ಕಾಲವು ಎರಡು ಸಲ ವ್ಯರ್ಥವಾದೀತು. ಯಾವುದು ಮೊದಲು, ಯಾವುದು ಅನಂತರ, ಯಾವುದಕ್ಕೆ ಯಾವ ಕೆಲಸ ಎಂಬ ಕ್ರಮವೇ ಮುಖ್ಯ.

ಇದನ್ನು ನಮ್ಮ ವಿಷಯವಾದ ಚರಿತ್ರೆಗೆ ಅನ್ವಯಿಸಿ ನೋಡೋಣ. ಈ ನಾಲ್ಕು ತಾಲ್ಲೂಕುಗಳು ಸ್ಥಳೀಯ ಚರಿತ್ರೆಯ ಭಂಡಾರ. ಶಿರಾದಲ್ಲಿ ಮಲಿಕ್ ರಿಹಾನನ ಗೋರಿಯೂ, ೧೬೮೭ರ ತರುವಾಯ ಮೊಗಲರ ಪ್ರಾಂತಕ್ಕೆ ರಾಜಧಾನಿಯಾಗಿದ್ದುದರ ಕುರುಹುಗಳೂ ಇವೆ, ಪಾವಗಡದ ಸೀಮೆಯಲ್ಲಿ ನಿಡುಗಲ್ಲಿನ ದುರ್ಗವಿದೆ, ಕೊರಟಗೆರೆಯಲ್ಲಿ ಚನ್ನರಾಯನದುರ್ಗವಿದೆ. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ೧೯೦೪ರಲ್ಲಿಯೇ ಎಪಿಗ್ರಾಫಿಯ ಕರ್ನಾಟಿಕದ ೧೨ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೂ ತಮ್ಮ ಊರ ಬಾಗಿಲಲ್ಲಿ ನಿಂತಿರುವ ವೀರಗಲ್ಲನ್ನು ಪಾಠಕ್ಕೆ ಬಳಸುವ ಉಪಾಧ್ಯಾಯರು ವಿರಳ. ಅವರಿಗೆ ಇದನ್ನು ಕಲಿಸುವ ಬಗೆ ಹೇಗೆ? ಮೊದಲು ಆಯಾ ತಾಲ್ಲೂಕಿನಲ್ಲಿಯೇ ಒಂದು ದಿನ ಶಾಸನದ ಮುಂದೆ ಸೇರಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಪ್ರತಿಯೊಬ್ಬರೂ ಮಾಡಬೇಕು. ಆಮೇಲೆ ಆರೆಂಟು ವಾರ ಅಂತರ್ಜಾಲದ ಮೂಲಕ ಲಿಪಿಯ ಪಾಠ ನಡೆಯಲಿ. ಉಪಾಧ್ಯಾಯರು ತಮ್ಮ ಊರ ಕಲ್ಲಿನ ಛಾಯಾಚಿತ್ರವನ್ನು ಕಳುಹಿಸಲಿ, ತಮ್ಮ ಓದನ್ನು ಸಂಪುಟದ ಪಾಠದೊಡನೆ ಹೋಲಿಸಲಿ, ಬೋಧಕರು ತಿದ್ದಲಿ. ನಡುನಡುವೆ ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಯಲ್ಲಿ ಹತ್ತಿರದ ಶಾಲೆಗಳವರು ಕೂಡಿ ಚರ್ಚಿಸಲಿ. ಕೊನೆಗೆ ನಾಲ್ಕೂ ತಾಲ್ಲೂಕಿನವರು ಒಂದೇ ಒಂದು ದಿನ ಒಟ್ಟುಗೂಡಿ, ತಾವು ಮಕ್ಕಳಿಗೆ ಮಾಡಿದ ಪಾಠವನ್ನು ಒಬ್ಬರಿಗೊಬ್ಬರು ತೋರಿಸಲಿ. ಆ ಕೊನೆಯ ಸಭೆ ಯಾವಾಗಲೂ ಮಧುಗಿರಿಯಲ್ಲಿಯೇ ಆಗಬೇಕೆಂಬ ನಿಯಮ ಬೇಡ. ಒಮ್ಮೆಯಾದರೂ ನಿಡುಗಲ್ಲಿನಲ್ಲಿ ಆಗಲಿ. ದೂರವನ್ನು ಸದಾ ಪಾವಗಡದವರೇ ಕ್ರಮಿಸಬೇಕೆಂಬುದು ನ್ಯಾಯವಲ್ಲ.

ದೂರಸಾಧನವು ಅಗ್ಗವೆಂಬ ಕಾರಣಕ್ಕಾಗಿಯೇ ಅದನ್ನು ಹಿಂದುಳಿದ ತಾಲ್ಲೂಕಿಗೆ ಮೀಸಲಿಟ್ಟು, ಸಮ್ಮುಖ ಶಿಕ್ಷಣವನ್ನು ನಗರದವರಿಗೆ ಉಳಿಸುವ ಅಪಾಯವು ಇಂದು ನಮ್ಮೆದುರಿಗಿದೆ. ಅಂಚೆಯ ಕಾಲದಿಂದ ಉಪಗ್ರಹದ ಕಾಲದವರೆಗಿನ ಚರಿತ್ರೆ ಇದಕ್ಕೆ ವಿರುದ್ಧವಾದ ಮಾತನ್ನೇ ಹೇಳುತ್ತದೆ: ಕೇಂದ್ರವು ದೂರವಾದಷ್ಟೂ ಸ್ಥಳದಲ್ಲಿ ನಿಂತು ಕೈಹಿಡಿಯುವವನ ಅಗತ್ಯ ಹೆಚ್ಚು. ಈ ಅಂಶವನ್ನು ಮನಸ್ಸಿನಲ್ಲಿಟ್ಟು ಯೋಜನೆಗಳನ್ನು ರೂಪಿಸಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಯೂ ಹಸುರಾಗುವುದರಲ್ಲಿ ಸಂದೇಹವಿಲ್ಲ.